ಓಗೊಡುವ ದೊಡ್ಡಿ

“ಇಲ್ಲಿ ಮಾಟ ಇದೆ ಡಾಕ್ಟ್ರೇ. ಕುರೀನ ಬೈರಿ, ಬೇಕಾದ್ರೆ ಎರಡು ಬಾರಿಸಿ. ಆದ್ರೆ ದೊಡ್ಡಿಯೊಳಗೆ ನಿಂತು ಬಾ ಅಂತ ಮಾತ್ರ ಕರೀಬೇಡಿ. ಮಳೆ ಹೋಗಿ ಚಳಿಗಾಳಿ ಬೀಸೋವರೆಗೂ ಕರೀಬೇಡಿ.”

ಕುರಿಗಳ ಯಜಮಾನಿ ಇಷ್ಟನ್ನೂ ಪಿಸುದನಿಯಲ್ಲಿ ಹೇಳಿದಳು, ಅದೂ ದೊಡ್ಡಿಯ ಗೋಡೆಯಿಂದ ಸಾಕಷ್ಟು ದೂರ ನಿಂತು. ಹೊಸದಾಗಿ ಬಂದಿದ್ದ ಪಶುವೈದ್ಯರು ಗಮ್‌ಬೂಟಿಗೆ ಕಾಲು ತೂರಿಸುವುದನ್ನು ಬಿಟ್ಟು ನಕ್ಕರು.

“ಕರೆದ್ರೆ ಏನಾಗುತ್ತಮ್ಮಾ?”

“ಯಾರೋ ಓಗೊಡ್ತಾರೆ.”

“ಒಳ್ಳೇದೇ ಆಯ್ತಲ್ಲ! ನಮ್ಮ ಆಸ್ಪತ್ರೇಲಿ ಹತ್ತು ಸಲ ಕರೆದ್ರೂ ಯಾರೂ ಓ ಅನ್ನಲ್ಲ.”

ಯಜಮಾನಿ ನಗಲಿಲ್ಲ. ಅವಳ ಹಿಂದೆ ನಿಂತಿದ್ದ ಗಂಡನೂ ನಗಲಿಲ್ಲ. ಅವನು ಮೂಗ. ಕೈಯಲ್ಲೊಂದು ಗಂಟೆ ಹಿಡಿದಿದ್ದ. ಮಳೆಗಾಲದಲ್ಲಿ ಈ ಮನೆಯವರು ಚಪ್ಪಾಳೆ ತಟ್ಟಿ, ಗಂಟೆ ಅಲ್ಲಾಡಿಸಿ, ಕೋಲು ಅಡ್ಡ ಹಿಡಿದು ಕುರಿ ಹೊಡೆಯುತ್ತಿದ್ದರೇ ಹೊರತು ಬಾಯಿ ಬಳಸುತ್ತಿರಲಿಲ್ಲ. ಮೂಗನ ಮನೆಯಲ್ಲಿ ಎಲ್ಲರಿಗೂ ಅದೇ ರೂಢಿಯಾಗಿರಬೇಕು ಎಂದುಕೊಂಡು ಡಾಕ್ಟರು ಒಳಗೆ ಹೋದರು.

ಒಳಗಿನ ಗಾಳಿ ಮೂಗಿಗೆ ಬಡಿಯಿತು. ನೆಂದ ಉಣ್ಣೆ, ಗಂಜಲ, ಕೊಳೆತ ಜೊಲ್ಲು. ಹಗಲಿನಲ್ಲೂ ಕತ್ತಲೆ. ಒಂದೊಂದು ಕುರಿಯ ತುಟಿಯೂ ಬಾತಿತ್ತು, ಮೂಗಿನಲ್ಲಿ ನೊರೆ ಕಟ್ಟಿತ್ತು, ಗೊರಸಿನ ನೋವಿಗೆ ಕೆಲವು ಮೊಣಕಾಲೂರಿ ನಡೆಯುತ್ತಿದ್ದವು. ಒಂದರ ದವಡೆ ಬಿಡಿಸಿ ಟಾರ್ಚು ಹಾಕಿದರು. ನಾಲಿಗೆ ನೇರಳೆ ಹಣ್ಣು ತಿಂದಂತೆ ನೀಲಿಗಟ್ಟಿತ್ತು.

“ನೋಡಿಮ್ಮಾ, ಇದು ನೀಲಿನಾಲಿಗೆ ರೋಗ. ಮಳೆ ಬಿತ್ತು, ಗೊಬ್ಬರ ಕೆಸರಾಯ್ತು, ಕೆಸರಲ್ಲಿ ನುಸಿ ಹುಟ್ಟಿತು. ಆ ನುಸಿ ಒಂದನ್ನ ಕಚ್ಚಿ ಇನ್ನೊಂದನ್ನ ಕಚ್ಚಿದ್ರೆ ಮಂದೆಗೆಲ್ಲ ಹಬ್ಬುತ್ತೆ. ಚಳಿ ಬಿದ್ದ ಮೇಲೆ ನುಸಿ ಸಾಯುತ್ತೆ, ರೋಗ ತಾನಾಗೇ ನಿಲ್ಲುತ್ತೆ. ನಿಮ್ಮ ಮಾಟಗಾತಿ ಅಂದ್ರೆ ಈ ನುಸಿ, ಅಷ್ಟೆ. ಮಳೆಗೆ ಮುಂಚೆ ಲಸಿಕೆ ಹಾಕಿಸಿದ್ದಿದ್ರೆ ಅವಳ ಆಟ ನಡೀತಿರ್ಲಿಲ್ಲ. ಹೆದರಬೇಡಿ, ಮನುಷ್ಯರಿಗೆ ಇದು ಬರೋದೇ ಇಲ್ಲ.”

ಡಾಕ್ಟರು ದಡ್ಡರಲ್ಲ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸಂಕಟ ಇರುವುದೇ ಅಲ್ಲಿ.

ಜ್ವರಕ್ಕೆ ಸೂಜಿ ಚುಚ್ಚಿದರು, ಬಾಯಿ ತೊಳೆಸಿದರು, ಕೆಸರು ಬಳಿಸಿದರು. ಸಂಜೆ ನುಸಿ ಏಳುವ ಹೊತ್ತಿಗೆ ಹಸಿಸೊಪ್ಪಿನ ಹೊಗೆ ಹಾಕಿಸಿದರು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಹೊಗೆಯೆಲ್ಲ ದೊಡ್ಡಿಯೊಳಗೇ ಸುತ್ತಿಕೊಂಡಿತು. ಬೆದರಿದ ಕುರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಹತ್ತತೊಡಗಿದವು. ಅಡಿಯಲ್ಲಿ ಮರಿಗಳು ಕೀರಲು ದನಿಯಲ್ಲಿ ಅರಚುತ್ತಿದ್ದವು. ಯಜಮಾನಿ ಚಪ್ಪಾಳೆ ತಟ್ಟಿದಳು. ಗಂಡ ಗಂಟೆ ಬಾರಿಸಿದ. ಒಂದು ಕುರಿಯೂ ಕದಲಲಿಲ್ಲ.

ಮರಿಗಳು ಉಸಿರುಕಟ್ಟಿ ಸಾಯುವುದನ್ನು ನೋಡುತ್ತ ನಿಲ್ಲುವ ಜಾತಿಯವರಲ್ಲ ಡಾಕ್ಟರು. ಹೊಸ್ತಿಲ ಕಲ್ಲಿನ ಮೇಲೆ ನಿಂತು ಗಂಟಲು ಬಿಚ್ಚಿ ಕೂಗಿದರು.

“ಬಾ… ಬಾ ಬಾ ಬಾ!”

ಕುರಿಗಳು ತಲೆ ಎತ್ತಿದವು. ಪಟಪಟನೆ ಅವರ ಮೊಣಕಾಲು ಸವರಿಕೊಂಡು ಬಯಲಿಗೆ ಬಂದವು. ಮರಿಗಳೂ ಬಂದವು. ದೊಡ್ಡಿ ಬರಿದಾಯಿತು. ಆಗ ಆ ಖಾಲಿ ಮೂಲೆಯಿಂದ, ಹೊಗೆಯೊಳಗಿಂದ, ಒಡಕು ಗಂಟಲಿನ ಹೆಣ್ಣು ದನಿಯೊಂದು ಮೆಲ್ಲಗೆ ಹೇಳಿತು.

“ಓ…”

ಡಾಕ್ಟರು ಯಜಮಾನಿಯ ಕಡೆ ತಿರುಗಿದರು. ಅವಳು ಹೊರಗೆ ನಿಂತಿದ್ದಳು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು.

“ಎಂಥಾ ಕೆಲಸ ಮಾಡಿದ್ರಿ ಡಾಕ್ಟ್ರೇ. ಸ್ವಲ್ಪ ನಿಂತು ಕೇಳಿ, ಮನೇಲಿ ನಿಮ್ಮವರಿಗೆ…”

“ಮರಿ ಉಳಿದ್ವಲ್ಲಮ್ಮಾ! ಮಿಕ್ಕಿದ್ದು ನಾಳೆ ಕೇಳ್ತೀನಿ.” ಕೊಡೆ ಬಿಚ್ಚಿಕೊಂಡು ಹೊರಟೇಬಿಟ್ಟರು.

ದೊಡ್ಡಿಯ ಹಿಂದಿನ ಇಳಿಜಾರಿನ ಕೊನೆಗೇ ಅವರ ಕ್ವಾರ್ಟರ್ಸು. ಅಲ್ಲಿ ದಿನಾ ಸಂಜೆ ಒಂದು ಆಟ. ಅಪ್ಪ ಗೇಟಿನಲ್ಲಿ ನಿಂತು “ಮಲ್ಲೀ, ಎಲ್ಲಿದ್ದೀಯೇ?” ಎನ್ನಬೇಕು. ಐದು ವರ್ಷದ ಮಗಳು ಬಚ್ಚಿಟ್ಟುಕೊಂಡಿರಬೇಕು. ಆದರೆ ಅವಳು ಮಾತಿನಮಲ್ಲಿ. ಮಲ್ಲಿ ಎಂಬ ಅಡ್ಡಹೆಸರು ಬಂದದ್ದೇ ಅದರಿಂದ. ಬಾಯಿ ತಡೆಯದೆ “ಓ… ಬಂದೆ ಅಪ್ಪಾ!” ಎಂದು ಕೂಗಿ ತಾನೇ ಸಿಕ್ಕಿಬೀಳುತ್ತಿದ್ದಳು. ಆವತ್ತು ಅಪ್ಪನ ದನಿ ಕಟ್ಟಿ ಕೂಗು ಅರ್ಧಕ್ಕೇ ನಿಂತಿತು.

“ಕುರಿಗಳಿಗೆ ಭಾಷಣ ಬಿಗಿದ್ರೆ ಇನ್ನೇನಾಗುತ್ತೆ? ಉಪ್ಪುನೀರು ಮುಕ್ಕಳಿಸಿ,” ಎಂದಳು ಹೆಂಡತಿ.

ಬೆಳಿಗ್ಗೆ ಎದ್ದಾಗ ದನಿ ಪೂರ್ತಿ ಹೋಗಿತ್ತು. ಗಂಟಲಲ್ಲಿ ನೋವಿಲ್ಲ, ಕೆಮ್ಮಿಲ್ಲ, ಜ್ವರವಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಹೊಗೆಯಿಂದ ಹೀಗಾಗಿದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಯಾರೋ ಬೆನ್ನ ಹಿಂದೆ ನಿಂತು ತಮ್ಮ ಮಾತನ್ನು ಕಲಿಯುತ್ತಿರುವ ಹಾಗೆ ಒಂದೇ ಸಮನೆ ಕಸಿವಿಸಿ. ಮಧ್ಯಾಹ್ನ ಕಳೆಯುತ್ತಲೇ ದೊಡ್ಡಿಗೆ ನಡೆದರು.

ಕುರಿಗಳು ಮೇಯುತ್ತಿದ್ದವು. ಬಾವು ಇಳಿದಿತ್ತು, ನಾಲಿಗೆಗೆ ಕೆಂಪು ಮರಳುತ್ತಿತ್ತು. ಡಾಕ್ಟರು ಹೆಮ್ಮೆಯಿಂದ ಯಜಮಾನಿಯ ಮುಖ ನೋಡಿ, ಗಂಟಲು ಮುಟ್ಟಿ ಕೈಯಾಡಿಸಿದರು. ಅವಳ ಗಂಡ ಬಂದು ಅವರ ಮಣಿಕಟ್ಟು ಹಿಡಿದುಕೊಂಡ.

“ಇವರು ಹುಟ್ಟು ಮೂಗರಲ್ಲ,” ಎಂದಳು ಯಜಮಾನಿ. “ನಮ್ಮ ಮಾವ ಇದ್ರಲ್ಲ, ಅವರು ತಮ್ಮನ ಹೆಂಡ್ತಿಯ ಕುರಿ ಕದ್ರು. ಹೆಂಗೆ ಗೊತ್ತಾ? ಅವಳು ಕರೆಯೋದನ್ನ ಕೇಳಿ ಕೇಳಿ ಅದೇ ದನಿ ಕಲಿತ್ರು. ಒಂದು ಮಳೆ ದಿನ ಅವಳ ಹಾಗೇ ಕರೆದು ಮಂದೆ ಪೂರಾ ಈ ದೊಡ್ಡಿಗೆ ತಂದು ಕೂಡಿದ್ರು. ಅವಳು ಈ ಬಾಗಿಲಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕರೆದ್ಳು. ಯಾರೂ ಬಾಗಿಲು ತೆಗೀಲಿಲ್ಲ. ಕೊನೆಗೆ ತನ್ನ ಕುರಿಗಂಟೆಯ ನಾಲಿಗೆ ಕಿತ್ತು, ಕರಿ ಉಣ್ಣೇಲಿ ಸುತ್ತಿ, ಹೊಸ್ತಿಲ ಕೆಳಗೆ ಹೂತು ಶಾಪ ಹಾಕಿದ್ಳು. ಮಳೆಗಾಲದಲ್ಲಿ ಇಲ್ಲಿ ಯಾರು ಕರೆದ್ರೂ ನಾನು ಓಗೊಡ್ತೀನಿ, ಅವರ ಕರೆ ನಂದು ಅಂತ. ಅಗೆದು ನೋಡಿದ್ವಿ. ಸಿಗಲಿಲ್ಲ.”

ಡಾಕ್ಟರು ನಗಲು ನೋಡಿದರು. ತುಟಿ ಬಿರಿಯಲಿಲ್ಲ.

“ಮೊದಲು ಮಾವನ ದನಿ ಹೋಯ್ತು. ಆಮೇಲೆ ಅವಳು ಅದೇ ದನೀಲಿ ಅವರ ಮಗನ್ನ ಕರೆದ್ಳು. ಆಗ ಇವರು ಚಿಕ್ಕ ಹುಡುಗ. ಅಪ್ಪ ಕರೀತಿದಾರೆ ಅಂತ ಓ ಅಂದ್ರು. ಅದೇ ಇವರು ಆಡಿದ ಕೊನೇ ಮಾತು. ಮಾತು ಆಡಿದ್ರೆ ಹೋಯ್ತು ಅಂತಾರಲ್ಲ, ಹಂಗೇ ಆಯ್ತು. ನಿಮ್ಮ ಮನೇಲಿ ಯಾರಿಗೂ…”

ಮಾತು ಮುಗಿಯಲಿಲ್ಲ. ದೊಡ್ಡಿಯೊಳಗಿನ ಕತ್ತಲೆಯಿಂದ ಒಂದು ಗಂಡು ದನಿ ಎದ್ದಿತು. ಗಟ್ಟಿ ದನಿ. ಪರಿಚಯದ ದನಿ.

“ಮಲ್ಲೀ… ಎಲ್ಲಿದ್ದೀಯೇ?”

ಡಾಕ್ಟರು ಓಡಿದರು.

ಮಳೆ ಜೋರಾಯಿತು. ಇಳಿಜಾರು ಜಾರುತ್ತಿತ್ತು. ಬಿದ್ದರು. ಎದ್ದರು. ಒಂದು ಬೂಟು ಕೆಸರಲ್ಲೇ ಉಳಿಯಿತು. ಹಿಂದಿನಿಂದ ಅವರದೇ ದನಿ ಮತ್ತೆ ಕರೆಯಿತು. ನಗುತ್ತ ಕರೆಯಿತು, ದಿನಾ ಗೇಟಿನಲ್ಲಿ ಕರೆಯುವಂತೆಯೇ. ಅಗೋ, ಗೇಟಿನ ಪಕ್ಕದ ಡ್ರಮ್ಮಿನ ಹಿಂದೆ ಹಳದಿ ಫ್ರಾಕು. ಬೇಡ ಕಂದಾ, ಬಾಯಿ ಬಿಡಬೇಡ. ಕೂಗಿದರು. ಗಾಳಿ. ಚಪ್ಪಾಳೆ ತಟ್ಟಿದರು. ಮಳೆ ನುಂಗಿತು. ಕಲ್ಲೆತ್ತಿ ಗೇಟಿಗೆ ಎಸೆದರು. ಗೇಟು ಠಣ್ ಎಂದಿತು. ಮಲ್ಲಿ ಅಪ್ಪನನ್ನು ನೋಡಿದಳು. ಕಿಲಕಿಲ ನಕ್ಕಳು. ಹೊರಗೆ ಹಾರಿ ಬಂದಳು.

“ಓ… ಬಂದೆ ಅಪ್ಪಾ!”

ನಗು ಅಲ್ಲೇ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

ಮಗುವನ್ನು ಎದೆಗವಚಿಕೊಂಡು ಡಾಕ್ಟರು ಒಳಗೆ ನುಗ್ಗಿದರು. ಅವಳು ಅಳುತ್ತಿದ್ದಳು. ಮೈಯೆಲ್ಲ ಅದುರುತ್ತಿತ್ತು, ಸದ್ದಿರಲಿಲ್ಲ. ಹೆಂಡತಿ ಹಿತ್ತಲ ಬಾಗಿಲಲ್ಲಿ ಇತ್ತ ಬೆನ್ನು ಮಾಡಿ, ಮಳೆಯಲ್ಲಿ ಮಗಳು ಎಲ್ಲಿ ಹೋದಳೆಂದು ಇಣುಕುತ್ತಿದ್ದಳು. ಅಷ್ಟರಲ್ಲಿ ಇಳಿಜಾರಿನ ಮೇಲಿಂದ ಪುಟ್ಟ ದನಿಯೊಂದು ತೇಲಿ ಬಂತು.

“ಅಮ್ಮಾ…”

ಹೆಂಡತಿ ಉಸಿರೆಳೆದುಕೊಂಡಳು.

ಮಗುವನ್ನು ಕೆಳಗಿಳಿಸಿ ಡಾಕ್ಟರು ಹಾರಿ ಅವಳ ಬಾಯಿ ಅದುಮಿದರು. ಕೆಸರುಗೈ. ಅವಳು ಕೊಸರಿದಳು, ಪರಚಿದಳು, ಅಂಗೈ ಕಚ್ಚಿದಳು. ರಕ್ತ ಬಂದರೂ ಅವರು ಬಿಡಲಿಲ್ಲ. ಯಾಕೆಂದು ಹೇಳಲು ಅವರಲ್ಲಿ ದನಿಯಿರಲಿಲ್ಲ. ಆಗ ಕಾಲ ಬಳಿ ಏನೋ ಸೀರೆ ಎಳೆಯಿತು. ಅವಳು ಕಣ್ಣು ತಗ್ಗಿಸಿ ನೋಡಿದಳು. ಮಲ್ಲಿ ಅಲ್ಲೇ ನಿಂತಿದ್ದಳು. ಬಾಯಿ ತೆರೆದು ಮುಚ್ಚುತ್ತಿದ್ದಳು.

“ಅಮ್ಮಾ, ಚಳಿ ಆಗ್ತಿದೆ. ಬಾ ಅಮ್ಮಾ,” ಎಂದಿತು ಹೊರಗಿನ ಮಗಳ ದನಿ.

ಹೆಂಡತಿ ಕೊಸರುವುದನ್ನು ನಿಲ್ಲಿಸಿದಳು. ಹೊರಗೆ ಕರೆಯುತ್ತಿರುವುದು ಮಗಳಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಆದರೂ ದನಿ ಕರೆದಾಗಲೆಲ್ಲ ಓ ಎನ್ನಲು ಅವಳ ತುಟಿ ದುಂಡಗಾಗುವುದು ಡಾಕ್ಟರ ಅಂಗೈಗೆ ತಿಳಿಯುತ್ತಿತ್ತು. ಅವರು ಕೈ ತೆಗೆಯಲಿಲ್ಲ. ಚಳಿಗಾಳಿ ಬೀಸಲು ಇನ್ನೂ ಬಹಳ ದಿನವಿತ್ತು.