ಎಲ್ಲರ ಮುಂದೆ ಓದಿದ ಕಾಗದ

ಸೈನ್ಯದಲ್ಲಿದ್ದ ಗಂಡನ ಕಾಗದ ಬಂದಾಗ ಶೈಲಜಾ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮದುವೆಯಾಗಿ ಇಪ್ಪತ್ತೇಳು ದಿನವಾಗಿತ್ತು. ಅದರಲ್ಲಿ ಗಂಡ ಮನೆಯಲ್ಲಿದ್ದದ್ದು ಒಂಬತ್ತೇ ದಿನ.

"ಏ, ಶಂಭುನ ಕಾಗದ ಬಂತು! ಎಲ್ಲಾರೂ ಬರ್ರಿ ಇಲ್ಲಿ" ಎಂದು ಮಾವ ಜಡೆಪ್ಪ ಪಡಸಾಲೆಯಿಂದ ಕೂಗಿದ.

ಶೈಲಜಾ ತಕ್ಷಣ ಏಳಲಿಲ್ಲ. ಕಾಗದ ಮಾವನ ಹೆಸರಿಗೆ ಬಂದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಗಂಡನ ಮೇಲೆ ಸಿಟ್ಟಿತ್ತು.

ಅದು 2004ರ ಡಿಸೆಂಬರ್. ವಡ್ಡು ಊರಿನಲ್ಲಿ ಎಷ್ಟೋ ಮನೆಗಳ ಮುಂದೆ ಬಂಡಿ ಹೋಗಿ ಟಿಪ್ಪರ್ ಬಂದಿತ್ತು. ಜಡೆಪ್ಪನದೂ ಎರಡು ಟಿಪ್ಪರ್, ಯಶವಂತನಗರದ ಕಡೆಯ ಗಣಿಗಳಿಂದ ಹೊಸಪೇಟೆಗೆ ಹಗಲಿರುಳು ಅದಿರು ಹೊಡೆಯುತ್ತಿದ್ದವು. ಡ್ರೈವರು, ಕ್ಲೀನರು ಎಲ್ಲರ ಊಟವೂ ಈ ಮನೆಯಲ್ಲೇ. ದಿನಕ್ಕೆ ಅರವತ್ತು ರೊಟ್ಟಿ ಬೇಕು. ಅತ್ತೆ ಕೊಟ್ರಬಸಮ್ಮನಿಗೆ ಮೊಣಕಾಲು ನೋವು. ಕಂಪ್ಲಿಯ ಅಕ್ಕಿ ಗಿರಣಿ ಗುಮಾಸ್ತನ ಮಗಳು ಶೈಲಜಾ ಬಿ.ಎ. ಕೊನೆಯ ವರ್ಷವನ್ನು ಅರ್ಧಕ್ಕೆ ಬಿಟ್ಟು ಈ ಒಲೆಯ ಮುಂದೆ ಬಂದು ಕೂತಿದ್ದಳು.

ಶಂಭುಲಿಂಗ ಸೈನ್ಯ ಸೇರಿದ್ದು ಟಿಪ್ಪರ್ ಬರುವ ಮೊದಲು, ಮನೆಯಲ್ಲಿ ಎರಡೆಕರೆ ಹೊಲವಷ್ಟೇ ಇದ್ದ ಕಾಲದಲ್ಲಿ. ಆಳು ಎತ್ತರ, ಮಾತು ಕಡಿಮೆ. ಮದುವೆಯಾದ ಆರನೆಯ ದಿನ ಅವಳನ್ನು ಗೆಳೆಯನ ಬೈಕಿನಲ್ಲಿ ಹಂಪಿಗೆ ಕರೆದುಕೊಂಡು ಹೋಗಿದ್ದ. ಹೊಳೆಯ ದಂಡೆಯ ಬಂಡೆಯ ಮೇಲೆ ಕೂತಾಗ ಕೇಳಿದ್ದ:

"ನಿನಗೇನು ಬೇಕು ಹೇಳು."

ಅವನು ಸೀರೆಯೋ ಬಳೆಯೋ ಅಂದುಕೊಂಡಿದ್ದನೇನೋ. ಶೈಲಜಾ ನೀರನ್ನೇ ನೋಡುತ್ತ, "ಏಪ್ರಿಲ್‌ನಾಗ ಪರೀಕ್ಷೆ ಐತ್ರಿ. ಬರೀಬೇಕು ಅನ್ನಸ್ತೈತಿ" ಅಂದಳು.

ಶಂಭುಲಿಂಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೊಳೆ ದಾಟುತ್ತಿದ್ದ ಹರಿಗೋಲು ಆ ದಡ ಮುಟ್ಟುವ ತನಕ ನೋಡಿದ. ಆಮೇಲೆ ಎದ್ದು ಹೋಗಿ ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಂದುಕೊಟ್ಟ. ಅವಳು ಅದನ್ನು ತಿಂದಳು. ತಿನ್ನುವಾಗಲೇ ಉತ್ತರ ಏನೆಂದು ತಿಳಿದುಕೊಂಡಳು.

ಮೂರು ದಿನಕ್ಕೆ ಪಲ್ಟನ್‌ನಿಂದ ಫೋನು ಬಂತು, ರಜೆ ರದ್ದಾಗಿತ್ತು. ಹೊರಡುವಾಗಲೂ ಅವನು ಅವಳ ಎದುರು ನಿಂತು ಬಾಯಿ ತೆರೆದ, ಮತ್ತೆ ಬಗ್ಗಿ ಕಟ್ಟಿದ್ದ ಬೂಟಿನ ಲೇಸನ್ನೇ ಬಿಚ್ಚಿ ಕಟ್ಟಿಕೊಂಡ. ಅಷ್ಟೇ.

"ಶೈಲವ್ವಾ, ಬಾರವ್ವಾ!" ಅತ್ತೆ ಕರೆದಳು. ಶೈಲಜಾ ಕೈ ತೊಳೆದು ಬಂದು ಬಾಗಿಲಿಗೊರಗಿ ನಿಂತಳು.

ಜಡೆಪ್ಪ ಕನ್ನಡಕ ಏರಿಸಿ, ಊರಿಗೆ ಕೇಳುವಂತೆ ಓದತೊಡಗಿದ.

"ತೀರ್ಥರೂಪರಾದ ಅಪ್ಪನವರಿಗೆ ಶಂಭುಲಿಂಗ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನಾಳೆ ಬೆಳಿಗ್ಗೆ ನಾವು ಮೇಲಿನ ಪೋಸ್ಟಿಗೆ ಹೊರಡುತ್ತೇವೆ. ಜಾಗದ ಹೆಸರು ಬರೆಯುವಂತಿಲ್ಲ. ಅಲ್ಲಿಂದ ಆ ಕಡೆಯವರ ಪೋಸ್ಟು ಕಣ್ಣಿಗೆ ಕಾಣುತ್ತದಂತೆ. ಹಿಮ ಬಿದ್ದರೆ ದಾರಿ ಮುಚ್ಚುತ್ತದೆ. ಬೇಸಿಗೆಯ ತನಕ ಫೋನಿಲ್ಲ, ಕಾಗದವೂ ಇಲ್ಲ. ಹೇಳುವುದನ್ನೆಲ್ಲ ಇವತ್ತೇ ಬರೆದುಬಿಡಿ ಅಂತ ಸುಬೇದಾರ್ ಸಾಹೇಬರು ಹೇಳಿದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ."

ಜಡೆಪ್ಪನ ದನಿ ತಗ್ಗಿತು. ಕೊಟ್ರಬಸಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅವ್ವನ ಮೊಣಕಾಲು ಹೊಸಪೇಟೆಯಲ್ಲಿ ತೋರಿಸಿರಿ. ಎರಡನೇ ಟಿಪ್ಪರ್‌ನ ಬ್ರೇಕ್ ಸರಿಯಿಲ್ಲ, ಟ್ರಿಪ್ಪಿನ ಆಸೆಗೆ ಹಾಗೇ ಓಡಿಸಬೇಡಿ. ಇನ್ನು ಶೈಲಜಾಳ ವಿಷಯ. ಅವಳಿಗೆ ಬೇರೆ ಕಾಗದ ಬರೆದರೂ ಒಡೆಯುವವರು ಅಪ್ಪನೇ. ಅದಕ್ಕೆ ಇದರಲ್ಲೇ ಬರೆಯುತ್ತೇನೆ. ಅಪ್ಪ, ಒಂದಕ್ಷರ ಬಿಡದೆ ಜೋರಾಗಿ ಓದಬೇಕು."

"ನೋಡಿದಿ ಇಲ್ಲ ನಿನ್ನ ಮಗನ ಮಾತು!" ಎಂದು ಜಡೆಪ್ಪ ಹೆಂಡತಿಯನ್ನು ಗದರಿದ. ಆದರೂ ಓದಿದ.

"ಹಂಪಿಯಲ್ಲಿ ಅವಳು ಪರೀಕ್ಷೆ ಬರೆಯಬೇಕು ಅಂದಳು. ನಾನು ಸುಮ್ಮನಿದ್ದೆ. ಬೇಡ ಅಂತಲ್ಲ. ಹೂಂ ಅಂದುಬಿಟ್ಟು, ಆಮೇಲೆ ಅಪ್ಪನ ಮುಂದೆ ಬಾಯಿ ಬರದಿದ್ದರೆ ಅವಳ ಮುಂದೆ ಸುಳ್ಳುಗಾರ ಆಗುತ್ತೇನಲ್ಲ ಅಂತ. ಮೂರು ದಿನ ಪಡಸಾಲೆಯ ಬಾಗಿಲ ತನಕ ಬಂದು ವಾಪಸ್ ಹೋದೆ. ಗುಂಡಿಗೆ ಎದೆ ಕೊಡಲು ಬಂದವನು ಅಪ್ಪನ ಮೀಸೆಗೆ ಹೆದರಿದೆ. ಇಲ್ಲಿಗೆ ಆ ಮೀಸೆ ಕಾಣುವುದಿಲ್ಲ, ಅದಕ್ಕೆ ಹೇಳುತ್ತೇನೆ. ಅವಳು ಪರೀಕ್ಷೆ ಬರೆಯಲಿ. ರೊಟ್ಟಿಗೆ ಪಕ್ಕದ ಮನೆಯ ಎಲ್ಲಮ್ಮನನ್ನು ಇಟ್ಟುಕೊಳ್ಳಿ."

ಶೈಲಜಾಳ ಹದಿನೆಂಟು ದಿನದ ಸಿಟ್ಟು ಎಲ್ಲಿ ಹೋಯಿತೋ, ಕಾಲ ಕೆಳಗಿನ ಕಲ್ಲನ್ನು ನೋಡುತ್ತ ನಿಂತಳು.

ಜಡೆಪ್ಪ ಮುಂದಿನ ಸಾಲಿಗೆ ಬಾಯಿ ತೆರೆದ. ಮುಚ್ಚಿದ. ಮನಸ್ಸಿನಲ್ಲೇ ಎರಡು ಸಾಲು ಓದಿದಂತಿತ್ತು. ಕಿವಿ ಕೆಂಪಾಯಿತು.

"ಮುಂದಿನ ಅಕ್ಷರ ನನಗ ಕಾಣವಲ್ದು. ನೀನ ಓದ್ಕ್ಯವ್ವ" ಎಂದು ಕಾಗದವನ್ನು ಸೊಸೆಯ ಕೈಗೆ ತುರುಕಿ ಎದ್ದ.

"ನೀವೆಲ್ಲಿಗೆ ಹೊಂಟ್ರಿ?" ಕೊಟ್ರಬಸಮ್ಮ ಕೇಳಿದಳು.

"ಬ್ರೇಕ್ ನೋಡಬೇಕಲ್ಲ!"

ಶೈಲಜಾ ಕಾಗದ ಮಡಚಿ ಅಡುಗೆಮನೆಗೆ ನುಸುಳಲು ನೋಡಿದಳು. ಅತ್ತೆ ಬಿಡಲಿಲ್ಲ. ಓದು ಬಾರದ ಆಕೆಗೆ ಮಗನ ಮಾತು ಯಾರಾದರೂ ಓದಿಯೇ ಹೇಳಬೇಕು.

"ಕುಂದ್ರು ಇಲ್ಲಿ. ಓದು."

"ಅತ್ತೀ, ಅದು…"

"ನಾನೂ ಮದುವಿ ಆದಾಕಿನ. ಓದು."

ಶೈಲಜಾ ಕೂತಳು. ದನಿ ನೂಲಿನಷ್ಟು ಸಣ್ಣದಾಗಿತ್ತು.

"ಶೈಲಾ, ಒಂಬತ್ತು ದಿನದಲ್ಲಿ ನಿನ್ನ ಮುಖ ನೇರವಾಗಿ ನೋಡಿದ್ದೇ ಇಲ್ಲ. ಕದ್ದು ನೋಡಿದ್ದೇ ಹೆಚ್ಚು. ಹಂಪಿಗೆ ಹೋಗುವಾಗ ಬೈಕಿನ ಕನ್ನಡಿಯನ್ನು ರಸ್ತೆ ಕಾಣುವ ಹಾಗೆ ಇಟ್ಟಿರಲಿಲ್ಲ, ನೀನು ಕಾಣುವ ಹಾಗೆ ಇಟ್ಟಿದ್ದೆ. ಕಮಲಾಪುರದ ಹತ್ತಿರ ಎಮ್ಮೆಗೆ ಗುದ್ದಲಿದ್ದದ್ದು ಅದಕ್ಕೇ. ಗಾಳಿಗೆ ಕೂದಲು ನಿನ್ನ ತುಟಿಗೆ ಅಂಟುತ್ತಿತ್ತು. ನೀನು ಅದನ್ನು ಸರಿಸುತ್ತಿದ್ದೆ, ಅದು ಮತ್ತೆ ಬರುತ್ತಿತ್ತು. ನನಗೆ ಬೇರೆ ಏನೂ ಕಾಣಲಿಲ್ಲ."

"ಅಯ್ಯ, ಇವನ!" ಕೊಟ್ರಬಸಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ಇವರಪ್ಪ ಮೂವತ್ತು ವರ್ಷದಾಗ ಹಿಂಗ ಒಂದು ಮಾತು ಆಡಿಲ್ಲ. ಹೂಂ, ಮುಂದ?"

ಶೈಲಜಾ ಮುಂದಿನ ಸಾಲು ನೋಡಿ ತಡೆದಳು. "ಎಲ್ಲಾರಿಗೂ ನಮಸ್ಕಾರ ಅಂತ ಬರದಾರ, ಅತ್ತಿ. ಅಷ್ಟ."

"ಸುಳ್ಳು. ನನಗ ಓದಾಕ ಬರಂಗಿಲ್ಲ, ನೋಡಾಕ ಬರ್ತೈತಿ. ನಿನ್ನ ಕಣ್ಣು ನಾಕು ಸಾಲು ಜಿಗದ್ವು." ಅತ್ತೆಯ ನಗು ನಿಂತಿತ್ತು. "ಅವ್ವಗ ಹೇಳಬ್ಯಾಡ ಅಂದಾನೇನು?"

ಶೈಲಜಾ ಹೌದೆಂದು ತಲೆಯಾಡಿಸಿದಳು.

"ಹೆದರಿಕಿ ಆಗೈತಂತೇನು ಅವಗ?"

ಕಾಗದದಲ್ಲಿ ಇದ್ದದ್ದು ಅದೇ. 'ಇಷ್ಟು ಹೊತ್ತಿಗೆ ಅಪ್ಪ ನಾಚಿ ಕಾಗದ ನಿನ್ನ ಕೈಗೆ ಕೊಟ್ಟಿರುತ್ತಾರೆ, ಅದಕ್ಕೆ ಬರೆಯುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ. ಅವ್ವನಿಗೆ ಹೇಳಬೇಡ. ಮೊದಲೂ ಮೇಲೆ ಹೋಗಿದ್ದೇನೆ, ಆಗ ಹೀಗೆ ಇರಲಿಲ್ಲ. ವಾಪಸ್ ಬರಲೇಬೇಕು ಅನ್ನುವ ಆಸೆ ಹುಟ್ಟಿದ ಮೇಲೆ ಹೆದರಿಕೆಯೂ ಹುಟ್ಟಿದೆ.' ಶೈಲಜಾ ಅದನ್ನು ಓದಿ ಹೇಳಿದಳು.

ಕೊಟ್ರಬಸಮ್ಮ ಬಹಳ ಹೊತ್ತು ಮೊಣಕಾಲು ನೀವುತ್ತ ಕೂತಳು.

"ಆಗ್ಲಿ" ಅಂದಳು ಕೊನೆಗೆ. "ಹೆದರಿಕಿ ಇದ್ದವ ನೋಡಿ ಕಾಲಿಡ್ತಾನ. ನೀನು ಹೋಗಿ ಪುಸ್ತಕ ತರಿಸ್ಕೊ. ನಿಮ್ಮ ಮಾವಗ ನಾನು ಹೇಳ್ತೀನಿ."

ಮಾವನಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ನಾಲ್ಕು ದಿನ ಜಡೆಪ್ಪ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಎಲ್ಲಮ್ಮ ತಾನಾಗಿಯೇ ಬಂದು ಒಲೆಯ ಮುಂದೆ ಕೂತಳು. "ಜಡೆಪ್ಪಣ್ಣ ಹೇಳ್ಯಾನ" ಅಂದಳು. ಜಡೆಪ್ಪ ಮಾತ್ರ ಕೇಳಿದವರಿಗೆಲ್ಲ, "ಮಗ ಮಿಲಿಟರಿಯಿಂದ ಆರ್ಡರ್ ಕಳಿಸ್ಯಾನ, ನಾ ಏನು ಮಾಡ್ಲಿ" ಎನ್ನುತ್ತಿದ್ದ.

ಶೈಲಜಾ ತಿಂಗಳಿಗೆರಡು ಕಾಗದ ಬರೆದು ಹಾಕಿದಳು. ಉತ್ತರ ಬರಲಿಲ್ಲ, ಬರುವುದೂ ಇರಲಿಲ್ಲ. ಫೆಬ್ರವರಿಯಲ್ಲಿ ಕಾಶ್ಮೀರದಲ್ಲಿ ಹಿಮ ಕುಸಿದ ಸುದ್ದಿ ಟೀವಿಯಲ್ಲಿ ಬಂತು. ಆವತ್ತು ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಜಡೆಪ್ಪ ಮೂರು ದಿನ ಫೋನಿಗೆ ಅಂಟಿಕೊಂಡು, ಬಾರದ ಹಿಂದಿಯಲ್ಲಿ ಕೂಗಾಡಿ, ಮಗನ ಪೋಸ್ಟು ಅದಲ್ಲ ಎಂದು ತಿಳಿದುಕೊಂಡ. ತಿಳಿದ ಮೇಲೆ ಹಿತ್ತಿಲಿಗೆ ಹೋಗಿ ಅತ್ತ. ಅದನ್ನು ಶೈಲಜಾ ನೋಡಿದಳು, ಯಾರಿಗೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಪರೀಕ್ಷೆಗೆ ಮಾವನೇ ಅವಳನ್ನು ಟಿಪ್ಪರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ಹೋಗುತ್ತಿದ್ದ. ಅವಳು ಬರೆದು ಬರುವ ತನಕ ಕಾಲೇಜಿನ ಗೇಟಿನ ಎದುರು ಬೇವಿನ ಮರದ ಕೆಳಗೆ ಕೂತಿರುತ್ತಿದ್ದ. ಇತಿಹಾಸದ ಪೇಪರ್ ಸುಲಭವಿತ್ತು, ಅರ್ಥಶಾಸ್ತ್ರ ಕೈಕೊಟ್ಟಿತು. ಹೇಗೋ ಸೆಕೆಂಡ್ ಕ್ಲಾಸ್ ಬಂತು.

ಶಂಭುಲಿಂಗ ಬಂದದ್ದು ಜೂನ್ ಕೊನೆಗೆ. ಹೊಸಪೇಟೆ ಸ್ಟೇಷನ್ನಿಗೆ ಶೈಲಜಾ ಒಬ್ಬಳೇ ಹೋದಳು. ರೈಲಿನಿಂದಿಳಿದವನು ಸೊರಗಿದ್ದ. ಹಿಮದ ಬಿಸಿಲಿಗೆ ಮೂಗಿನ ಮೇಲಿನ ಚರ್ಮ ಸುಲಿದಿತ್ತು.

"ಒಬ್ಬಾಕೀನ ಬಂದಿ?"

"ಮಾವ ಹೊಂಟು ನಿಂತಿದ್ರು. ನಾನ ಬ್ಯಾಡ ಅಂದೆ."

"ಅಪ್ಪಗ ನೀನು ಬ್ಯಾಡ ಅಂದ್ಯಾ?" ಅವನು ನಿಜವಾಗಿಯೂ ಬೆರಗಾದ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಟ್ರಂಕನ್ನು ನಡುವೆ ಇಟ್ಟುಕೊಂಡು ಕೂತರು. ಚಹಾ ಬಂತು. ಅವನು ಗ್ಲಾಸಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡಳು, ಸರಿಯಾಗೇ ಇತ್ತು.

"ನಿನ್ನ ಕಾಗದ ಎಲ್ಲಾ ಮೇ ತಿಂಗಳಾಗ ಒಟ್ಟಿಗೆ ಸಿಕ್ವು. ಒಂದರಾಗ ಎರಡು ಸಾಲು ಬರದು ಹೊಡದು ಹಾಕಿದಿ. ಬೆಳಕಿಗೆ ಹಿಡದು ನೋಡಿದ್ರೂ ತಿಳೀಲಿಲ್ಲ. ಏನಿತ್ತು?"

ಶೈಲಜಾ ಗ್ಲಾಸಿನೊಳಗೆ ನೋಡಿದಳು. "ಫೆಬ್ರವರಿಯಾಗ ಬರದದ್ದು. ಟೀವಿ ನೋಡಿದ ದಿವಸ."

"ಹೂಂ."

"ನೀವಿಲ್ದ ನನಗಿನ್ನ ಆಗಂಗಿಲ್ಲ, ಅಂತ ಬರದಿದ್ದೆ. ಆಮ್ಯಾಲ, ಮ್ಯಾಲ ನಿಂತವ್ರಿಗೆ ಹಂಗ ಬರದು ಕಾಲು ಹಿಡದು ಎಳೀಬಾರ್ದು ಅಂತ ಹೊಡದು ಹಾಕಿದೆ."

ಶಂಭುಲಿಂಗ ನಡುವೆ ಇದ್ದ ಟ್ರಂಕನ್ನು ಎತ್ತಿ ಆ ಪಕ್ಕಕ್ಕೆ ಇಟ್ಟ. ಬಂದು ಹತ್ತಿರ ಕೂತ.

ಊರ ಕಡೆ ಹೋಗುವ ತೋರಣಗಲ್ಲಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ಇಬ್ಬರೂ ಏಳಲಿಲ್ಲ.

"ಇನ್ನೊಂದು ಬರ್ತೈತಿ" ಅಂದಳು ಶೈಲಜಾ.