ಲಾಯ್ ಮನೆಯ ನಾಲ್ಕನೇ ಡಿಸ್ಕು

ಮಂಗಳವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಲಾಯ್ ಪಿಂಗ್-ಯಾವ್ ಲುವೊಡಾಂಗ್ ಪಟ್ಟಣದ ಪೊಲೀಸ್ ಠಾಣೆಗೆ ಬಂದ. ಅವನ ಮುಖ ನೋಡಿ ಇನ್‌ಸ್ಪೆಕ್ಟರ್ ಯೂ ವೆನ್-ಷಾನ್, ಕಡಿಮೆಯೆಂದರೂ ಮೂರು ಕೊಲೆಯಾಗಿರಬೇಕು ಎಂದುಕೊಂಡು ಬಾಯಲ್ಲಿದ್ದ ಈರುಳ್ಳಿ ರೊಟ್ಟಿಯನ್ನು ಅಗಿಯದೆ ನುಂಗಿದರು.

"ಕೂತ್ಕೊಳ್ಳಿ. ಏನಾಯ್ತು?"

"ಸಾರ್, ಒಂದು ಡಿಸ್ಕು ಕಳುವಾಗಿದೆ."

ಯೂಗೆ ರೊಟ್ಟಿ ದಂಡವಾಯಿತಲ್ಲ ಅನ್ನಿಸಿತು. "ಅಷ್ಟೇನಾ?"

"ಅಷ್ಟೇನಾ ಅಂತೀರಲ್ಲ. ಅದರಲ್ಲಿ ನಮ್ಮಮ್ಮ ಇದಾರೆ."

ಅಮ್ಮನೆಂದರೆ ಯುವೆ-ಶಿಯಾ. ಗುಡಿಯ ಮುಂದಿನ ಆಟಗಳಲ್ಲಿ ನಲವತ್ತು ವರ್ಷ ರಾಜನ ವೇಷ ಕಟ್ಟಿದವಳು. ಆಕೆ ದನಿ ಎತ್ತಿದರೆ ಬಂದರಿನಲ್ಲಿ ಬೆಸ್ತರು ಬಲೆ ಬಿಟ್ಟು ಕಿವಿ ನಿಮಿರಿಸುತ್ತಿದ್ದರಂತೆ, ಮೀನುಗಳೂ ಓಡದೆ ನಿಲ್ಲುತ್ತಿದ್ದವಂತೆ. ಆಕೆ ತೀರಿಕೊಂಡ ಮೇಲೆ ಮಗ ಹಳೆಯ ಕ್ಯಾಸೆಟ್‌ಗಳ ಹಾಡನ್ನೆಲ್ಲ ಮನೆಯ ಸರ್ವರ್ ಪೆಟ್ಟಿಗೆಗೆ ತುಂಬಿಸಿ, ಬೂಷ್ಟು ಹಿಡಿದ ಕ್ಯಾಸೆಟ್‌ಗಳನ್ನು ಎಸೆದಿದ್ದ. ಹಾಡು ಈಗ ಬೇರೆಲ್ಲೂ ಇರಲಿಲ್ಲ.

ಕಾನ್‌ಸ್ಟೇಬಲ್ ಲಾನ್ ಯಿ-ಚುನ್ ಎಫ್‌ಐಆರ್ ಬರೆದುಕೊಂಡಳು. ಒಂಬತ್ತೂವರೆಗೆ ಮೂವರೂ ಲಾಯ್ ಮನೆಯಲ್ಲಿದ್ದರು. ಬೀಗ ಮುರಿದಿರಲಿಲ್ಲ, ಕಿಟಕಿ ಒಡೆದಿರಲಿಲ್ಲ. ಅಕ್ಕಿ ಡಬ್ಬಿಯಷ್ಟಿದ್ದ ಕರಿ ಪೆಟ್ಟಿಗೆಯಲ್ಲಿ ನಾಲ್ಕು ಗೂಡು, ಮೂರರಲ್ಲಿ ಡಿಸ್ಕು. ನಾಲ್ಕನೆಯದು ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿತ್ತು. ಗೋಡೆಯ ಮೇಲೆ ಒಂದಿಂಚೂ ಬಿಡದೆ ನಕ್ಷೆಗಳು: ಆರು ಡಿಸ್ಕಾದರೆ ಹೇಗೆ, ಎಂಟಾದರೆ ಹೇಗೆ, ಎರಡು ಸತ್ತರೆ ಹೇಗೆ. ಅಣೆಕಟ್ಟು ಕಟ್ಟುವವರೂ ಇಷ್ಟು ಗೀಚಿರಲಾರರು.

"ಒಂದು ಹೋದ್ರೆ ಉಳಿದಿದ್ದು ಇದೆಯಲ್ಲ?" ಎಂದರು ಯೂ.

"ಸಾರ್, ನಾಕು ಜನ ದೇವರ ಪಲ್ಲಕ್ಕಿ ಹೊತ್ತ ಹಾಗೆ ಇದು. ಒಂದೊಂದು ಹಾಡನ್ನೂ ಚೂರು ಮಾಡಿ ನಾಕಕ್ಕೂ ಹಂಚಿರ್ತೀವಿ. ಒಬ್ಬ ಕೈಬಿಟ್ರೆ ಮೂವರು ಹೊರ್ತಾರೆ. ಇನ್ನೊಬ್ಬ ಬಿಟ್ರೆ ದೇವರು ಸೀದಾ ಚರಂಡಿಗೆ."

"ಇನ್ನೊಬ್ಬ ಯಾಕೆ ಬಿಡ್ತಾನೆ?"

ಲಾಯ್ ತಲೆ ತಗ್ಗಿಸಿದ. "ನಾಕನ್ನೂ ಒಂದೇ ದಿನ, ಒಂದೇ ಅಂಗಡೀಲಿ ತಂದೆ. ಒಟ್ಟಿಗೆ ಮುದಿಯಾಗಿವೆ. ನಿನ್ನೆ ಸಂಜೆ ಮೂರನೇದು ಟಕ್ ಟಕ್ ಅಂತಿತ್ತು, ತಕ್ಷಣ ಪೆಟ್ಟಿಗೆ ಆರಿಸಿದೆ. ಬೆಳಿಗ್ಗೆ ನೋಡಿದ್ರೆ ನಾಕನೇದೇ ಇಲ್ಲ. ಹೊಸ ಡಿಸ್ಕು ಹಾಕಿದ್ರೆ ಮೂರನ್ನೂ ಮೂಲೆಮೂಲೆ ಓದಿ ಲೆಕ್ಕ ಕಟ್ಬೇಕು. ಅಷ್ಟು ದುಡಿಸಿದ್ರೆ ಆ ಮುದುಕ ಉಳಿಯಲ್ಲ. ಕಳುವಾದ ಡಿಸ್ಕೇ, ಇದ್ದ ಹಾಗೇ ಬರ್ಬೇಕು."

ಪಂಚನಾಮೆ ಬರೆಯುತ್ತಿದ್ದ ಯಿ-ಚುನ್ ಪೆಟ್ಟಿಗೆಯ ಮೇಲಿದ್ದ ಹಸಿರು ಕುರುಕಲು ಪೊಟ್ಟಣ ಎತ್ತಿ ನೋಡಿದಳು. ಅಂಥದ್ದು ಠಾಣೆಯ ಕಂಪ್ಯೂಟರ್ ಮೇಲೂ ಇತ್ತು. ಪೊಟ್ಟಣ ಹಸಿರೇ ಇರಬೇಕು, ಯಾರೂ ಬಿಚ್ಚಿ ತಿಂದಿರಬಾರದು, ವಾಯಿದೆ ಮೀರಿರಬಾರದು. ಹಾಗಿದ್ದರೆ ಯಂತ್ರ ಹಟ ಮಾಡದೆ ನಡೆಯುತ್ತದೆಂಬುದು ಅಲ್ಲಿಯವರ ನಂಬಿಕೆ.

"ಇದು ಹೊಸದು. ಯಾವಾಗ ಇಟ್ರಿ?"

"ನಾನಿಟ್ಟಿಲ್ಲ. ನಂದು ಹೋದ ವರ್ಷವೇ ವಾಯಿದೆ ಮುಗಿದಿತ್ತು. ಬದಲಾಯಿಸ್ಬೇಕು, ಬದಲಾಯಿಸ್ಬೇಕು ಅಂತಿದ್ದೆ."

ಯೂ ಪೊಟ್ಟಣವನ್ನೇ ನೋಡಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ, ಕದ್ದ ಮನೆಗೆ ಕ್ಷೇಮ ಕೋರಿ ಹೋದ ಕಳ್ಳನನ್ನು ಅವರು ಕಂಡಿರಲಿಲ್ಲ.

"ಒಂದು ಹೋದ್ರೂ ನಷ್ಟ ಇಲ್ಲ ಅಂತ ಯಾರಿಗೆ ಹೇಳಿದ್ರಿ?"

"ಎಲ್ರಿಗೂ. ನನ್ನ ಪ್ಲ್ಯಾನು ಅಂದ್ರೆ ಸುಮ್ನೇನಾ?"

"ಆ ಎಲ್ಲರಲ್ಲಿ ಮನೆ ಕೀಲಿ ಯಾರ ಹತ್ರ ಇದೆ?"

"ಗ್ವೇ ಚಿಕ್ಕಮ್ಮನ ಹತ್ರ."

"ಅವರು ಹಾಡು ಬೇಕು ಅಂತ ಕೇಳಿದ್ರಾ?"

"ಕೇಳಿದ್ರು. ಫೋನಿಗೆ ಹಾಕ್ಕೊಡು ಅಂದ್ರು. ಆರು ಡಿಸ್ಕಿನ ಪ್ಲ್ಯಾನ್ ಮುಗೀಲಿ ಅಂದೆ."

"ಯಾವಾಗ ಅಂದಿದ್ದು?"

"...ಹೋದ ವರ್ಷ."

ಯಿ-ಚುನ್ ಪೆನ್ನು ಕೆಳಗಿಟ್ಟು ಅವನನ್ನು ಒಮ್ಮೆ ಚೆನ್ನಾಗಿ ನೋಡಿದಳು.

ಗ್ವೇ ಚಿಕ್ಕಮ್ಮನ ಮನೆ ಹಿಂದಿನ ಗಲ್ಲಿಯಲ್ಲೇ. ಯುವೆ-ಶಿಯಾಳ ತಂಗಿ, ಆಟದಲ್ಲಿ ಅಕ್ಕ ರಾಜನಾದರೆ ಈಕೆ ಅವನ ರಾಣಿ. ಎಪ್ಪತ್ತಾರಾದರೂ ಹುಬ್ಬು ತೀಡದೆ ಬಾಗಿಲು ತೆರೆಯುವವಳಲ್ಲ.

"ಇಷ್ಟು ಹೊತ್ತು ಬೇಕಾಯ್ತಾ ನಿಮಗೆ? ನಾನು ಬೆಳಗಿಂದ ಹಬ್ಬದ ಉಡುಪು ಹಾಕ್ಕೊಂಡು ಕಾಯ್ತಿದೀನಿ."

"ಡಿಸ್ಕು ನಿಮ್ಮ ಹತ್ರ ಇದೆಯಾ?"

"ಇದೆ. ದಂಡದ ಡಿಸ್ಕು. ಇವನೇ ಬೀದಿಯೆಲ್ಲ ಸಾರಿದ್ನಲ್ಲ, ಒಂದು ಹೆಚ್ಚಿಗೆ ಇದೆ ಅಂತ. ಹೆಚ್ಚಿಗೆ ಇರೋದನ್ನ ತಂದೆ. ಉಳಿದ ಮೂರಕ್ಕೆ ಪಾಪ ಏನೂ ಆಗದಿರ್ಲಿ ಅಂತ ಪೊಟ್ಟಣಾನೂ ಇಟ್ಟು ಬಂದೆ."

"ಚಿಕ್ಕಮ್ಮ, ಅದು ಹೆಚ್ಚಿಂದಲ್ಲ," ಎಂದು ಲಾಯ್ ನರಳಿದ. "ಅದೊಂದರಲ್ಲೇ ಏನೂ ಕೇಳ್ಸಲ್ಲ."

"ಗೊತ್ತಾಯ್ತು ಬಿಡು. ರಾತ್ರಿ ಸಂತೆಯ ಹುಡುಗ ಡಿಸ್ಕು ಕೂರಿಸೋ ಡಬ್ಬಿ ಕೊಟ್ಟ, ಕಂಪ್ಯೂಟರಿಗೆ ಚುಚ್ಚಿದೆ. ಹಾಡಿಲ್ಲ, ಹಸೆಯಿಲ್ಲ. ಅದೇ ನನ್ನನ್ನ ಏನೋ ಕೇಳ್ತು."

ಲಾಯ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಯೂ ಒಂದು ಹೆಜ್ಜೆ ಮುಂದೆ ಬಂದರು.

"ಏನು ಕೇಳ್ತು?"

"ಇದನ್ನ ಬಳಸೋ ಮುಂಚೆ ಪೂರಾ ಅಳಿಸ್ಬೇಕು, ಅಳಿಸ್ಲಾ, ಅಂತ."

"ನೀವು ಏನು ಒತ್ತಿದ್ರಿ?"

"ಅಕ್ಕನ್ನ ಅಳಿಸ್ಲಾ ಅಂದ್ರೆ ಹೂಂ ಅನ್ನೋಕೆ ನಂಗೇನು ತಲೆ ಕೆಟ್ಟಿದೆಯಾ? ತಂತಿ ಕಿತ್ತು ಹಾಕ್ದೆ."

ಲಾಯ್ ಚಿಕ್ಕಮ್ಮನಿಗೆ ಕೈ ಮುಗಿದ. ಆಕೆ ವೇಷದ ರೇಷ್ಮೆ ಪಟ್ಟಿಯಲ್ಲಿ ಸುತ್ತಿಟ್ಟಿದ್ದ ಡಿಸ್ಕನ್ನು ತಂದು ಇನ್‌ಸ್ಪೆಕ್ಟರ್ ಕೈಗಿತ್ತು, ಎರಡೂ ಮಣಿಕಟ್ಟು ಜೋಡಿಸಿ ಮುಂದೆ ಚಾಚಿದಳು. ಬೇಡಿ ಬೇಕಿಲ್ಲ ಎಂದರೂ ಕೇಳಲಿಲ್ಲ. ಗಲ್ಲಿಯ ಜನರೆಲ್ಲ ಬಾಗಿಲಿಗೆ ಬಂದಿದ್ದರು. ಹನ್ನೊಂದೂವರೆಗೆ ದಸ್ತಗಿರಿ ದಾಖಲಾಯಿತು. ಗಲ್ಲಿಯ ತುದಿಯವರೆಗೂ ಆಕೆ ಸೋತ ರಾಣಿಯ ನಡಿಗೆಯಲ್ಲಿ ನಡೆದಳು.

ಯೂ ಡಿಸ್ಕಿನ ಚಿತ್ರ ತೆಗೆಸಿ, ರಸೀದಿ ಪಡೆದು ಅದನ್ನು ಲಾಯ್‌ಗೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಎದ್ದಿತು. ಮೂರನೆಯ ಮುದುಕ ಟಕ್ಕೆನ್ನುತ್ತಲೇ ಹಾಡನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿಕೊಟ್ಟ. ಸಂಬಂಧಿಕರ ನಡುವಿನ ಕಳವಿನಲ್ಲಿ ದೂರು ಹಿಂತೆಗೆಯಬಹುದಾದ್ದರಿಂದ ಲಾಯ್ ಠಾಣೆಗೆ ಓಡಿಬಂದು ಸಹಿ ಹಾಕಿದ.

"ನೀವು ಹೋಗ್ಬಹುದು ಚಿಕ್ಕಮ್ಮ," ಎಂದರು ಯೂ.

"ಹೋಗಲ್ಲ. ಇವನು ಫೋನಿಗೆ ಹಾಕೋವರೆಗೂ ಈ ಬೆಂಚು ಬಿಟ್ಟೇಳಲ್ಲ. ಪ್ಲ್ಯಾನಂತೆ ಪ್ಲ್ಯಾನು."

ಲಾಯ್ ಅಲ್ಲೇ ಕೂತು ಹಾಡು ಹಾಕಿದ. ಯಿ-ಚುನ್ ಹೇಳಿಕೆಯ ಕೊನೆಯ ಪ್ರಶ್ನೆ ಕೇಳಿದಳು: "ನಿಮ್ಮ ಪದ ಎಲ್ಲ ನಿಮಗೆ ಬಾಯಿಗೆ ಬರುತ್ತಲ್ಲ. ಮತ್ತೆ ಯಾಕೆ ತಗೊಂಡ್ರಿ?"

"ನಂದು ಬರುತ್ತೆ ಕಣೇ. ಅಡುಗೆ ಮಾಡ್ತಾ ಹಾಡ್ತೀನಿ. ಹಾಡಿ ನಿಲ್ಲಿಸ್ತೀನಿ, ಅಕ್ಕನ ಸರದಿ ಬರುತ್ತೆ. ಯಾರೂ ಹಾಡಲ್ಲ."

ಫೋನಿನಲ್ಲಿ ರಾಜ ಯುದ್ಧದಿಂದ ಮರಳಿ ರಾಣಿಯನ್ನು ಕರೆದ. ಗ್ವೇ ಚಿಕ್ಕಮ್ಮ ಹುಬ್ಬು ಸರಿಮಾಡಿಕೊಂಡು, ತಡವಾಗಿ ಬಂದವನನ್ನು ಬೈಯುವ ದನಿಯಲ್ಲಿ ಉತ್ತರದ ಪದ ಎತ್ತಿದಳು.