ಕರಾಟೆ ಆಟಕ್ಕೆ ಕೂತ ಗಂಡು

"ತಲೆ ಎತ್ತಬೇಡ ಕಣೇ! ಉಪ್ಪಿಟ್ಟು ಕೊಟ್ಟು, ಕೈ ಮುಗಿದು, ಒಳಗೆ ಬಂದ್ಬಿಡು!"

ಸೋದರತ್ತೆ ಗಂಗಾಂಬಿಕೆ ಕಿವಿಯಲ್ಲಿ ಉಸುರಿ, ಬೆನ್ನಿಗೆ ಕೈಯಿಟ್ಟು ದೂಡಿದಳು. ರೂಪಶ್ರೀ ತಟ್ಟೆ ಹಿಡಿದು ನಡುಮನೆಗೆ ಕಾಲಿಟ್ಟಳು.

ಗಂಡು ಕುಣಿಗಲ್ ಕಡೆಯವನು, ಹೆಸರು ಸಂಗಮೇಶ್. ಕ್ಯಾತ್ಸಂದ್ರದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ರಾಹುಕಾಲ ಬರುವ ಮೊದಲೇ ಹೊಸಿಲು ದಾಟಬೇಕೆಂದು ಅಣ್ಣನ ಜೊತೆ ಒಂದು ಗಂಟೆ ಮುಂಚೆಯೇ ಗುಬ್ಬಿಯ ಇವರ ಮನೆಗೆ ಬಂದಿಳಿದಿದ್ದ.

ತಗ್ಗಿಸಿದ ಕಣ್ಣಿಗೆ ತಟ್ಟೆಯ ಅಂಚಿನಾಚೆ ಕಂಡದ್ದಿಷ್ಟೇ. ನೆಲದ ಮೇಲೆ ಹರಿದ ಕಪ್ಪು ವೈರು, ಚಾಪೆಯ ಮೇಲೆ ಮಡಚಿದ ಮಂಡಿ, ಗುಂಡಿ ಒತ್ತುತ್ತಿದ್ದ ಒಂದು ಹೆಬ್ಬೆರಳು. ಟಕ್... ಟಕ್ ಟಕ್!

ಟಿವಿಯೊಳಗಿಂದ "ಹೂ! ಹಾ!" ಅನ್ನೋ ಕೂಗು.

ಅಯ್ಯೋ ಶಿವನೇ! ಹೆಣ್ಣು ನೋಡೋಕೆ ಬಂದವನು ಕರಾಟೆ ಆಟಕ್ಕೆ ಕೂತವ್ನಾ?

"ಉಪ್ಪಿಟ್ಟು..." ಅಂದಳು, ಹಲ್ಲು ಕಚ್ಚಿ.

"ಒಂದ್ನಿಮಿಷ ರೀ, ಅಲ್ಲೇ ಇಡಿ. ಅಯ್ಯೋ, ಹಿಂದೆ ಬಂದ! ತಿರುಗ್ಸಿ, ತಿರುಗ್ಸಿ!"

ಟಿವಿ ಗೊಂಬೆಗೆ ಮರ್ಯಾದೆ ಬೇರೆ! ರೂಪಶ್ರೀ ತಟ್ಟೆಗಳನ್ನು ಒಂದೊಂದಾಗಿ ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಅವರು ಹೊರಟ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಬೀದಿಗೇ ಕೇಳಿರಬೇಕು.

"ಬೇಡ ಅತ್ತೆ. ಆಟಕ್ಕೆ ಕೂತವನು ಸಂಸಾರಕ್ಕೆ ಕೂರ್ತಾನಾ?"

"ಏನೇ ನಿಂದು? ಇದು ಏಳನೇ ಗಂಡು! ಒಬ್ಬನ ಮೀಸೆ ಸರಿಯಿಲ್ಲ, ಇನ್ನೊಬ್ಬನ ನಗು ಸರಿಯಿಲ್ಲ. ನಿಂಗೆ ಆ ಪರಶಿವನೇ ಇಳಿದು ಬರ್ಬೇಕು!"

"ಬಂದ್ರೂ ಟಿವಿ ಮುಂದೆ ಕೂರ್ಬಾರ್ದು, ಅಷ್ಟೇ!"

ಬೇಡವೆನ್ನೋಕೆ ನಮ್ಮ ಕಡೆ ಒಂದು ಮರ್ಯಾದೆಯ ಮಾತಿದೆ. ಗಂಗಾಂಬಿಕೆ ಅದನ್ನೇ ಕುಣಿಗಲ್ಲಿಗೆ ಹೇಳಿ ಕಳಿಸಿದಳು: ಜಾತಕ ಕೂಡಲಿಲ್ಲ.

ಆದರೆ ಮನುಷ್ಯರು ನಾಲಿಗೆಯಿಂದ ಹೇಳುವ ಕಾರಣವೇ ಬೇರೆ, ಕರುಳು ಬಲ್ಲ ಕಾರಣವೇ ಬೇರೆ. ಅವ್ವ ತೀರಿಕೊಂಡು ಆರು ವರ್ಷ. ಹೋದ ವರ್ಷ, ತೊಂಬತ್ತಾರರಲ್ಲಿ, ಅಪ್ಪಾಜಿ ರೇವಣಸಿದ್ದಯ್ಯನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ತಾನು ಹೋದರೆ ಅಪ್ಪಾಜಿಗೆ ಅನ್ನ ಕಲಸಿಕೊಡೋರು ಯಾರು? ಆ ಒಂದು ಪ್ರಶ್ನೆಗೆ ರೂಪಶ್ರೀ ಏಳು ಮಂದಿಯಲ್ಲಿ ಏಳು ತಪ್ಪು ಹುಡುಕಿದ್ದಳು.

ಬೆರಳು ಆಡಿಸಬೇಕು ಎಂದಿದ್ದರು ಡಾಕ್ಟರು. ಅದಕ್ಕೇ ತುಮಕೂರಿನ ಮಂಡಿಪೇಟೆಯಿಂದ ಆ ಟಿವಿ ಗೇಮು ತಂದವಳೂ ಅವಳೇ. ಕರಾಟೆ ಕ್ಯಾಸೆಟ್ಟೊಂದು ಜೊತೆಗೆ ಬಂದಿತ್ತು. ಅಪ್ಪಾಜಿಯ ಎಡಗೈ ಬೆರಳು ಬಿಳಿ ಬಟ್ಟೆಯ ವೀರನನ್ನು ನಡೆಸುತ್ತಿತ್ತು. ಒದೆಯುವ ಗುಂಡಿ ಮಾತ್ರ ಬಲಗಡೆ... ಆ ಬೆರಳು ಏಳುತ್ತಿರಲಿಲ್ಲ. ವೀರ ನಾಲ್ಕು ಹೆಜ್ಜೆ ನಡೆದು, ಮೊದಲ ಕಳ್ಳನ ಕೈಯಲ್ಲೇ ಒದೆ ತಿಂದು ಬೀಳುತ್ತಿದ್ದ. ದಿನಾ ಅದೇ!

ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ಅಪ್ಪಾಜಿ ಆಟ ಹಚ್ಚಿಕೊಂಡು ಸುಮ್ಮನೆ ಕೂತಿದ್ದರು. ರೂಪಶ್ರೀ ಪಕ್ಕದಲ್ಲಿ ಕೂತಳು. ಅಪ್ಪಾಜಿ ಕೈಯಲ್ಲಿದ್ದ ಗುಂಡಿಪೆಟ್ಟಿಗೆಯ ಬಲ ಅರ್ಧವನ್ನು ಅವಳತ್ತ ಸರಿಸಿದರು.

"ನಾನು ನಡೀತೀನಿ... ನೀನು ಒದಿ."

ಅವಳು ಗುಂಡಿಯ ಮೇಲೆ ಬೆರಳಿಟ್ಟಳು. "ಹಿಂಗೆ ಆಡೋದು ಯಾರು ಹೇಳ್ಕೊಟ್ರು ಅಪ್ಪಾಜಿ?"

"ಅವತ್ತು ಬಂದಿದ್ನಲ್ಲವ್ವ... ಆ ಹುಡುಗ. ಇಬ್ರೂ ಸೇರಿ ಆಟದಲ್ಲಿ ಮೂರು ಮೆಟ್ಟಿಲು ಹತ್ತಿದ್ವಿ!"

ಅಂದರೆ ಆ ಹೆಬ್ಬೆರಳಿನ ಪಕ್ಕದಲ್ಲಿ ಇನ್ನೊಂದು ಹೆಬ್ಬೆರಳಿತ್ತು. ತಲೆ ಎತ್ತಿದ್ದರೆ ಕಾಣುತ್ತಿತ್ತು...

"ನಂಗ್ಯಾಕೆ ಹೇಳ್ಲಿಲ್ಲ?" ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು.

"ನೀನು ಬೇಡ ಅಂದ್ಯಲ್ಲವ್ವ. ನನ್ನ ಆಟದಾಸೆಗೆ ನಿನ್ನ ಬಲವಂತ ಮಾಡ್ಲಾ?"

ಥೂ, ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಒಂದು ಮಾತು ಹೇಳೋದಿಲ್ಲವಲ್ಲ! ತಾನೂ ಸೇರಿ!

ಸೋಮವಾರ ಕ್ಯಾತ್ಸಂದ್ರದ ಮಠಕ್ಕೆ ಹೋಗಿಬರ್ತೀನಿ ಅಂತ ಹೊರಟಳು. ಸುಳ್ಳೇನಲ್ಲ. ಗದ್ದುಗೆಗೆ ಕೈ ಮುಗಿದು, ಹಣೆಗೆ ವಿಭೂತಿ ಧರಿಸಿ, ಅಲ್ಲಿಂದ ನೇರ ಕಾಲೇಜಿನ ಗೇಟಿಗೆ ಬಂದು ನಿಂತಳು.

ಹೊರಬಂದ ಸಂಗಮೇಶ್, ಜಾತಕದ ಜೊತೆ ಕಳಿಸಿದ್ದ ಫೋಟೋದಿಂದ ಅವಳ ಗುರುತು ಹಿಡಿದು ಸೈಕಲ್ಲಿಂದ ಇಳಿದೇಬಿಟ್ಟ.

"ನೀವಾ! ಜಾತಕ ಕೂಡಲಿಲ್ಲ ಅಂದ್ರು..."

"ತೆಗೆದೇ ನೋಡಿಲ್ಲ! ನೀವಾದ್ರೂ ಬಂದು ಕೂತು, ಒಂದು ಮಾತು ಹೇಳದೆ ಎದ್ದುಹೋದ್ರಲ್ಲ, ನಿಮ್ಮದೇನು ರೀ ಕಥೆ?"

ಕ್ಯಾಂಟೀನಿನವನು ತಟ್ಟೆ ಇಡ್ಲಿ ಎತ್ತುವುದು ಬಿಟ್ಟು ಇತ್ತಲೇ ನೋಡುತ್ತಿದ್ದ.

"ಏನಂತ ಹೇಳ್ಲಿ? ನಿಮ್ಮಪ್ಪಾಜಿ ಬೀಗರ ಮುಂದೆ ನಾಚಿಕೆಯಾಗಿ ಬಲಗೈನ ಟವಲ್ಲಡಿ ಬಚ್ಚಿಟ್ಕೊಂಡಿದ್ರು. ನನ್ನ ಕೈ ಇಟ್ಕೊಳ್ಳಿ ಅಂದೆ, ಅಷ್ಟೇ. ಅದನ್ನ ಊರಿಗೆ ಸಾರ್ತಾರಾ?"

ರೂಪಶ್ರೀಯ ಕೋಪಕ್ಕೆ ಕಾಲೇ ಇಲ್ಲದಂತಾಯಿತು.

"ನನ್ನಂತೂ... ನೋಡ್ಲೇ ಇಲ್ಲ ನೀವು."

"ನೋಡ್ದೆ. ನಮಗೆಲ್ಲ ಚಮಚ ತಟ್ಟೆಯ ಬಲಕ್ಕಿಟ್ರಿ. ಅವರೊಬ್ಬರಿಗೆ ಎಡಕ್ಕಿಟ್ರಿ. ಮುಖ ಆಮೇಲೆ ನೋಡಿದ್ರಾಯ್ತು ಅನ್ನಿಸ್ತು..."

ಅವಳ ಕಣ್ಣು ತುಂಬಿತು. ಇನ್ನು ಮುಚ್ಚಿಡುವುದು ಶಿವನೂ ಮೆಚ್ಚುವ ಮಾತಲ್ಲ.

"ನೀವು ಆಟ ಆಡಿದ್ರಿ ಅನ್ನೋದು ಬರೀ ನನ್ನ ನೆಪ ಕಣ್ರೀ. ಅಪ್ಪಾಜಿನ ಬಿಟ್ಟು ನಾನು ಎಲ್ಲಿಗೂ ಬರಲ್ಲ. ಅದಕ್ಕೇ ಎಲ್ಲರಿಗೂ ಬೇಡ ಅಂದೆ. ಆದ್ರೆ ನಿಮ್ಮನ್ನ... ನಿಮ್ಮನ್ನ ಬೇಡ ಅನ್ನೋಕೆ ಈಗ ಆಗ್ತಿಲ್ಲ."

"ಬಿಟ್ಟು ಬನ್ನಿ ಅಂತ ಕರೆದೋರ್ಯಾರು? ಗುಬ್ಬೀಲೇ ಇರೋಣ. ಬೆಳಿಗ್ಗೆ ರೈಲಿಗೆ ಇಲ್ಲಿ ಕೆಲಸಕ್ಕೆ ಬಂದು ಸಂಜೆ ರೈಲಿಗೆ ವಾಪಸ್ಸಾಗ್ತೀನಿ."

"ಮನೆ ಅಳಿಯ ಅಂತ ನಗ್ತಾರೆ ಜನ!"

"ನಗ್ಲಿ ಬಿಡಿ."

"ಇಷ್ಟು ಮಾತನ್ನ ಅವತ್ತೇ ಆಡೋಕೆ ಏನಾಗಿತ್ತು ನಿಮಗೆ?"

"ಆಡ್ತಿದ್ದೆ ರೀ! ಇನ್ನೊಂದೇ ಮೆಟ್ಟಿಲು ಅಂತ ಮಾವ ಬಿಡ್ಲೇ ಇಲ್ಲ."

ಅವಳು ಸೆರಗಿನಿಂದ ಕಣ್ಣೊರೆಸುತ್ತಿದ್ದವಳು ಹಾಗೇ ನಿಂತಳು.

"ಏನಂದ್ರಿ ಅಪ್ಪಾಜಿನ?"

"ಮಾವ ಅಂದೆ... ತಪ್ಪಾಯ್ತಾ?"

"ಇಲ್ಲ," ಅಂದಳು, ತಲೆಯೆತ್ತಿ ಅವನ ಮುಖವನ್ನೇ ನೋಡುತ್ತಾ. "ಇನ್ನೊಂದ್ಸಲ ಅನ್ನಿ."